ಹತ್ತು ಲಕ್ಷದ ಒಂಬತ್ತು

ನನ್ನ ದೊಡ್ಡಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದರು. ದೊಡ್ಡಪ್ಪ ನೆಲಕ್ಕೆ ಟೈಲ್ಸ್ ಹಾಕುವ ಮೇಸ್ತ್ರಿ. ಈ ಇಬ್ಬರಿಗೂ ಗಂಟು ಬಿದ್ದದ್ದು ಹೇಗೆ ಎಂದು ಕೇಳದವರು ನಮ್ಮ ಬಳಗದಲ್ಲಿ ಇಲ್ಲ. ಕೇಳಿದಾಗೆಲ್ಲ ದೊಡ್ಡಪ್ಪ, "ಅವಳು ನನ್ನ ಕೆಲಸ ತುಳಿದು ಹಾಳು ಮಾಡಿದ್ಲು, ನಾನು ಅವಳ ತಲೆ ತಿಂದು ಸೇಡು ತೀರಿಸ್ಕೊಂಡೆ" ಎನ್ನುತ್ತಿದ್ದರು.

ನಡೆದದ್ದೂ ಹೆಚ್ಚುಕಡಿಮೆ ಅದೇ. ಶಾಲೆಯ ಪ್ರಯೋಗಶಾಲೆಗೆ ಹೊಸ ನೆಲ ಹಾಕುತ್ತಿದ್ದಾಗ ದೊಡ್ಡಮ್ಮ ಪುಸ್ತಕ ಓದುತ್ತಲೇ ಒಳಗೆ ನಡೆದುಬಂದಿದ್ದರು. ಕಟ್ಟಿದ್ದ ದಾರ ಕಾಲಿಗೆ ಸಿಕ್ಕಿ, ಆಗಷ್ಟೇ ಕೂರಿಸಿದ್ದ ಸಾಲಿನ ಮೇಲೆ ಎರಡು ಹೆಜ್ಜೆ ಇಟ್ಟುಬಿಟ್ಟರು. ಟೈಲ್ಸ್ ಗಾರೆಯೊಳಗೆ ಇಳಿದು ಓರೆಯಾದವು.

"ರೀ ಮೇಡಂ, ಕಣ್ಣು ಪುಸ್ತಕದಲ್ಲಿಟ್ಟು ಕಾಲು ನನ್ನ ನೆಲದ ಮೇಲಿಟ್ರೆ ಹೇಗೆ?" ಎಂದು ಮೇಸ್ತ್ರಿ ಕೂಗಿದ್ದು ಇಡೀ ಶಾಲೆಗೆ ಕೇಳಿಸಿತ್ತಂತೆ.

ಮಾರನೆಯ ದಿನ ದೊಡ್ಡಮ್ಮ ತಪ್ಪಾಯಿತು ಎಂದು ಹೇಳಲು ಹೋದರು. ಮೇಸ್ತ್ರಿ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಉಳಿದ ಟೈಲ್ಸನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ಜೋಡಿಸಿ ಗೊಣಗುತ್ತಿದ್ದರು. ಮೂಲೆಯ ಕಟ್ಟೆಗೆ ಒಂದನ್ನೂ ಕತ್ತರಿಸದೆ, ಒಂದನ್ನೂ ಬಿಡದೆ ಹಾಕಬೇಕೆಂದು ಅವರ ಆಸೆ. ಹೇಗೆ ಜೋಡಿಸಿದರೂ ಒಂದು ಹೆಚ್ಚು, ಇಲ್ಲವೇ ಒಂದು ಕಡಿಮೆ. ದೊಡ್ಡಮ್ಮ ಎಣಿಸಿ ನೋಡಿದರು. ಮೂವತ್ತೇಳು.

"ಇದು ಆಗಲ್ಲ ಬಿಡಿ. ಮೂವತ್ತೇಳನ್ನ ಒಂದೇ ಸಾಲಲ್ಲಿ ಉದ್ದಕ್ಕೆ ಹಾಕ್ಬೇಕು ಅಷ್ಟೆ. ಆಯತ ಬರೋದಿಲ್ಲ. ಇಂಥ ಸಂಖ್ಯೆಗೆ ಅವಿಭಾಜ್ಯ ಅಂತಾರೆ."

"ನಾವು ಅಂಥವ್ರಿಗೆ ಹಠಮಾರಿ ಅಂತೀವಿ" ಎಂದರು ಮೇಸ್ತ್ರಿ.

ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. ನೆಲ ಮುಗಿಯುವ ಹೊತ್ತಿಗೆ ಇಬ್ಬರ ಮಾತೂ ಬೆಳೆದಿತ್ತು. ಓದಿದ ಹುಡುಗಿ ಗಾರೆ ಕಲಸುವವನನ್ನು ಕಟ್ಟಿಕೊಳ್ಳುತ್ತಾಳೆಂದು ನೆಂಟರೆಲ್ಲ ಮೂಗು ಮುರಿದರು. ನಮ್ಮ ತಾತ ಮಾತ್ರ ಹುಡುಗ ಹಾಕಿದ ನೆಲವನ್ನು ನೋಡಿಕೊಂಡು ಬಂದು, "ಕೈ ನೆಟ್ಟಗಿದೆ" ಎಂದಷ್ಟೇ ಹೇಳಿ ಒಪ್ಪಿಗೆ ಕೊಟ್ಟರು.

ಅವರ ಬಾಡಿಗೆ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮನೆಯ ಮಾಲೀಕರ ಅನುಮತಿ ಪಡೆದು ದೊಡ್ಡಪ್ಪ ತಾವೇ ನೆಲ ಹಾಕಿದ್ದರು, ಬೇರೆಬೇರೆ ಕೆಲಸಗಳಲ್ಲಿ ಉಳಿದ ಟೈಲ್ಸ್ ತಂದು. ಅಡುಗೆಮನೆಯದು ಒಂದು ಬಣ್ಣ, ಹಜಾರದ್ದು ಇನ್ನೊಂದು, ಬಚ್ಚಲಿನ ಹೊಸ್ತಿಲಲ್ಲಿ ಯಾವುದೋ ದೊಡ್ಡವರ ಬಂಗಲೆಯ ನೀಲಿ. ಆ ಮನೆಗೆ ಮದುವೆಯಾಗಿ ಬಹಳ ವರ್ಷಕ್ಕೆ ಒಬ್ಬಳು ಮಗಳು ಬಂದಳು. ಕೂಸಿದ್ದಾಗ ಅವಳ ಅಳು ತೆಳ್ಳಗೆ, ಎಳೆದೆಳೆದು, ಶ್ರುತಿ ಮಾಡುವ ಹಾಗೆ ಇರುತ್ತಿತ್ತು. ದೊಡ್ಡಪ್ಪ ಅವಳಿಗೆ ಪಿಟೀಲು ಎಂದು ಹೆಸರಿಟ್ಟರು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು. ಅದನ್ನು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಪಿಟೀಲಿಗೂ ನನಗೂ ಹೆಚ್ಚು ವಯಸ್ಸಿನ ಅಂತರವಿರಲಿಲ್ಲ. ಓಟದಲ್ಲಿ ಅವಳನ್ನು ಹಿಡಿಯುವುದು ನನ್ನಿಂದ ಆಗುತ್ತಿರಲಿಲ್ಲ. ಹದಿಮೂರರ ವಯಸ್ಸಿನಲ್ಲಿ ಅವಳಿಗೆ ಗಂಟಲು ನೋವು ಬಂತು, ಹಿಂದೆಯೇ ಜ್ವರ, ಆಮೇಲೆ ಮಂಡಿ ಮೊಣಕೈಗಳೆಲ್ಲ ಊದಿಕೊಂಡವು. ಜ್ವರ ಎದೆಗೆ ಇಳಿದಿದೆ, ಹೃದಯದ ಕವಾಟಕ್ಕೆ ಪೆಟ್ಟಾಗಿದೆ, ಹಾಸಿಗೆ ಬಿಟ್ಟು ಏಳಕೂಡದು ಎಂದರು ಡಾಕ್ಟರು. ತಿಂಗಳುಗಟ್ಟಲೆ ಮಂಚ. ಕುಣಿದಾಡುತ್ತಿದ್ದ ಹುಡುಗಿ ಕಿಟಕಿಯ ಸರಳುಗಳನ್ನು ಎಣಿಸುತ್ತ ಮಲಗಿದಳು.

ದೊಡ್ಡಪ್ಪ ಅವಳಿಗೆ ಬಚ್ಚಲ ಗೋಡೆಗೆ ಹಾಕುವ ಬೆರಳುಗುರಿನಷ್ಟು ಚಿಕ್ಕ ಟೈಲ್ಸನ್ನು ಡಬ್ಬಿ ತುಂಬ ತಂದುಕೊಟ್ಟರು. ಹಲಗೆಯೊಂದನ್ನು ಮಡಿಲ ಮೇಲಿಟ್ಟುಕೊಂಡು ಪಿಟೀಲು ಅವನ್ನು ಜೋಡಿಸುತ್ತಿದ್ದಳು. ಒಂದು ಹಿಡಿ ತೆಗೆಯುವುದು, ಎಣಿಸುವುದು, ಅದು ಆಯತವಾಗುತ್ತದೆಯೋ ಹಠ ಹಿಡಿಯುತ್ತದೆಯೋ ನೋಡುವುದು. ಸಂಜೆ ಶಾಲೆಯಿಂದ ಬಂದ ಅಮ್ಮನಿಗೆ ಚಪ್ಪಲಿ ಬಿಡಲೂ ಪುರುಸೊತ್ತು ಕೊಡುತ್ತಿರಲಿಲ್ಲ.

"ಅಮ್ಮಾ, ತೊಂಬತ್ತೊಂದು ಹಠಮಾರಿ ಅಲ್ಲ, ಗೊತ್ತಾ? ನೋಡಕ್ಕೆ ಮಾತ್ರ ಹಾಗೆ. ಏಳು ಸಾಲು, ಸಾಲಿಗೆ ಹದಿಮೂರು!"

ಹಲಗೆಗೆ ಹಿಡಿಸದಷ್ಟು ದೊಡ್ಡ ಸಂಖ್ಯೆ ಬೇಕು ಎಂದು ಅವಳಿಗೆ ಅನ್ನಿಸಿದ್ದು ಅಪ್ಪನ ಮಾತಿನಿಂದಲೇ. ದೊಡ್ಡಪ್ಪ ಆಗ ಒಂದು ಸಭಾಂಗಣದ ಕೆಲಸದಲ್ಲಿದ್ದರು. ಅದರ ನೆಲ ಮುಗಿಯುವುದೇ ಇಲ್ಲ ಎಂದು ಅವರು ಗೋಳಾಡುವಾಗ ಪಿಟೀಲು ಕೇಳಿದಳು. "ಅಪ್ಪಾ, ಈ ಕಡೆಗೆ ಸಾವಿರ, ಆ ಕಡೆಗೆ ಸಾವಿರ ಟೈಲ್ಸ್ ಹಿಡಿಯೋ ಹಾಲ್ ಇದ್ರೆ? ಅದರ ಬಾಗಿಲ ಮುಂದೆ ಮೂರಕ್ಕೆ ಮೂರು ಒಂದು ಪುಟ್ಟ ಮೆಟ್ಟಿಲು ಇದ್ರೆ?"

"ಅಷ್ಟು ಹೊತ್ತಿಗೆ ನನ್ನ ಮಂಡಿ ಸವೆದು ನಾನೇ ಅರ್ಧ ಎತ್ತರ ಆಗಿರ್ತೀನಿ" ಎಂದರು ದೊಡ್ಡಪ್ಪ.

ಪಿಟೀಲು ಆಗಲೇ ಕೂಡಿಸಿದ್ದಳು. ಸಾವಿರಕ್ಕೆ ಸಾವಿರ ಅಂದರೆ ಹತ್ತು ಲಕ್ಷ. ಮೆಟ್ಟಿಲಿನ ಒಂಬತ್ತು. "ಹತ್ತು ಲಕ್ಷದ ಒಂಬತ್ತು. ಅಮ್ಮಾ, ಇದು ಹಠಮಾರಿನಾ?"

ದೊಡ್ಡಮ್ಮನಿಗೂ ತಕ್ಷಣ ಗೊತ್ತಾಗಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದರು. ಇಬ್ಬರೂ ಸೇರಿ ನೋಡೋಣ ಎಂದರು. ಈ ಟೈಲ್ಸೆಲ್ಲ ಒಂದೇ ಆಯತವಾಗುವುದಾದರೆ ಅದರ ಎರಡು ಬದಿಗಳಲ್ಲಿ ಒಂದಾದರೂ ಸಾವಿರದ ಒಳಗೇ ಇರಬೇಕು. ಎರಡೂ ಸಾವಿರ ದಾಟಿದರೆ ಟೈಲ್ಸ್ ಸಾಲದು. ಸಾವಿರದ ಒಳಗೂ ಎಲ್ಲವನ್ನೂ ನೋಡಬೇಕಿಲ್ಲ, ಹಠಮಾರಿಗಳನ್ನು ನೋಡಿದರೆ ಸಾಕು. ಮಿಕ್ಕವು ಅವುಗಳಿಂದಲೇ ಆದವು. ಅಂಥವೇ ನೂರೈವತ್ತರ ಮೇಲಿವೆ. ಒಂದೊಂದರಿಂದಲೂ ಹತ್ತು ಲಕ್ಷದ ಒಂಬತ್ತನ್ನು ಭಾಗಿಸಬೇಕು. ಕೊನೆಯಲ್ಲಿ ಶೇಷ ಉಳಿದರೆ ಅದು ಹೋಗುವುದಿಲ್ಲ ಎಂದರ್ಥ, ಮುಂದಿನದಕ್ಕೆ ಹೋಗಬೇಕು.

ತಾಯಿ ಮಗಳು ಪಾಲು ಹಂಚಿಕೊಂಡರು. ಒಂದು, ಏಳರಲ್ಲಿ ಕೊನೆಯಾಗುವ ಸಂಖ್ಯೆಗಳು ಮಗಳಿಗೆ. ಮೂರು, ಒಂಬತ್ತರಲ್ಲಿ ಕೊನೆಯಾಗುವವು ತಾಯಿಗೆ. ಎರಡು ಸ್ಲೇಟು, ಒಂದು ಡಬ್ಬಿ ಬಳಪ. ಆ ದಿನಗಳಲ್ಲಿ ನಾನು ಅವರ ಮನೆಗೆ ಹೋದರೆ ಮಂಚದ ಮೇಲೆ ಅವಳು, ಪಕ್ಕದ ಕುರ್ಚಿಯಲ್ಲಿ ಇವರು, ಇಬ್ಬರೂ ತಲೆ ತಗ್ಗಿಸಿ ಗೀಚುತ್ತಿರುತ್ತಿದ್ದರು. ನನಗೆ ಬೇಜಾರಾಗಿ ದೊಡ್ಡಪ್ಪನ ಜೊತೆ ಹಜಾರದಲ್ಲಿ ಕೂರುತ್ತಿದ್ದೆ. "ಒಳಗೆ ಜ್ಯೋತಿಷ್ಯ ನಡೀತಿದೆ, ಗಲಾಟೆ ಮಾಡ್ಬೇಡ" ಎನ್ನುತ್ತಿದ್ದರು.

ಒಂದು ದಿನ ಪಿಟೀಲು ಮಂಚದಿಂದಲೇ ಕೂಗಿದಳು. "ಅಪ್ಪಾ! ಮುಗೀತು! ಒಂದರಿಂದಾನೂ ಹೋಗಲ್ಲ. ಹತ್ತು ಲಕ್ಷದ ಒಂಬತ್ತು ಹಠಮಾರಿ!"

ದೊಡ್ಡಪ್ಪ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಅಂದಿನಿಂದ ನಮ್ಮ ಮನೆಗಳಲ್ಲಿ ಯಾರಾದರೂ ಮೊಂಡುತನ ಮಾಡಿದರೆ "ಶುದ್ಧ ಹತ್ತು ಲಕ್ಷದ ಒಂಬತ್ತು" ಎಂದು ಬೈಯುವುದು ರೂಢಿಯಾಯಿತು.

ಪಿಟೀಲು ಎದ್ದು ಓಡಾಡುವಂತಾದಳು. ಶಾಲೆಗೂ ಹೊರಟಳು. ಊದಿದ ಮಂಡಿ ಇಳಿದಿತ್ತು, ಮುಖದಲ್ಲಿ ಬಣ್ಣ ಬಂದಿತ್ತು. ಎಲ್ಲರೂ ಗಂಡಾಂತರ ಕಳೆಯಿತು ಎಂದುಕೊಂಡೆವು. ಮುಂದಿನ ವರ್ಷ ಒಂದು ಮಧ್ಯಾಹ್ನ ಅವಳು ಶಾಲೆಯ ಮೆಟ್ಟಿಲ ಮೇಲೆ ಕೂತವಳು ಏಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕಾಲನ್ನು ಒತ್ತಿ ನೋಡಿ, ಎದೆಗೆ ಕಿವಿಗೊಟ್ಟು, ದೊಡ್ಡಮ್ಮನನ್ನು ಕೇಳಿದರು.

"ಎಷ್ಟು ದಿನದಿಂದ ಉಸಿರು ಕಟ್ತಾ ಇತ್ತು?"

"ಇಲ್ವಲ್ಲ ಡಾಕ್ಟ್ರೇ. ಅವಳು ಏನೂ ಹೇಳ್ಲಿಲ್ಲ."

"ತಿಂಗಳುಗಳಿಂದ ಇರ್ಬೇಕು. ಮೊದಲೇ ಹೇಳಿದ್ರೆ ಏನಾದ್ರೂ ಮಾಡಬಹುದಿತ್ತು."

ಒಂದು ವಾರ ಜೀವ ಹಿಡಿದುಕೊಂಡಿದ್ದಳು. ನನ್ನನ್ನು ನೋಡಲು ಬಿಟ್ಟಿದ್ದು ಒಂದೇ ಸಲ. ಆಕ್ಸಿಜನ್ ಪೈಪಿನ ಕೆಳಗೆ ಮುಖ ಸಣ್ಣದಾಗಿತ್ತು. ನನ್ನ ಹೊಸ ಲಂಗದ ಬಣ್ಣ ಚೆನ್ನಾಗಿದೆ ಎಂದಳು. ಅಷ್ಟೇ ಅವಳು ನನ್ನ ಹತ್ತಿರ ಆಡಿದ ಕೊನೆಯ ಮಾತು.

ಆಮೇಲೆ ಆ ಮನೆಯಲ್ಲಿ ಸದ್ದಿಲ್ಲ. ದೊಡ್ಡಮ್ಮ ಬೇಗನೆ ಶಾಲೆಗೆ ಮರಳಿದರು. ಪಾಠ ಮಾಡಿದರು, ಪರೀಕ್ಷೆ ತಿದ್ದಿದರು, ಮನೆಗೆ ಬಂದರೆ ಲೆಕ್ಕದ ಮಾತೆತ್ತಲಿಲ್ಲ. ಚಿಕ್ಕ ಟೈಲ್ಸಿನ ಡಬ್ಬಿಯನ್ನು ನನ್ನಮ್ಮ ಕೇಳಿ ತೆಗೆದುಕೊಂಡು ಬಂದು ನಮ್ಮ ಅಟ್ಟಕ್ಕೆ ಹಾಕಿದಳು. ಹತ್ತು ಲಕ್ಷದ ಒಂಬತ್ತು ಮಾತ್ರ ಉಳಿಯಿತು. ಗಂಡ ಹೆಂಡತಿ ಮಗಳ ಹೆಸರೆತ್ತಲಾಗದಿದ್ದಾಗ ಅದನ್ನು ಹೇಳುತ್ತಿದ್ದರು. ದೊಡ್ಡಪ್ಪ ಯಾವುದೋ ದೊಡ್ಡ ಸಭಾಂಗಣದ ಕೆಲಸದಿಂದ ಬಂದು, "ಇವತ್ತು ಹತ್ತು ಲಕ್ಷದ ಒಂಬತ್ತು ನೆನಪಾಯ್ತು ಕಣೇ" ಎನ್ನುವರು. "ಹೂಂ" ಎನ್ನುವರು ದೊಡ್ಡಮ್ಮ. ಕಾಫಿ ಆರುವವರೆಗೆ ಇಬ್ಬರೂ ಕೂತಿರುವರು.

ವರ್ಷಗಳು ಹೋದವು. ನಾನು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ, ಭಾನುವಾರಗಳಲ್ಲಿ ಅವರ ಮನೆಗೆ ಹೋಗುವುದು ಅಭ್ಯಾಸವಾಯಿತು. ದೊಡ್ಡಪ್ಪನ ಮಂಡಿ ನಿಜಕ್ಕೂ ಸವೆಯಿತು. ನೆಲದ ಮೇಲೆ ಕೂತು ಬದುಕಿದವರು ಕೂರಲಾರದೆ ಕೆಲಸ ಬಿಟ್ಟರು. ರಸಮಟ್ಟ, ಕರಣೆ, ರಬ್ಬರಿನ ಸುತ್ತಿಗೆಗಳನ್ನೆಲ್ಲ ಒರೆಸಿ ಗೋಣಿಯಲ್ಲಿ ಕಟ್ಟಿಟ್ಟರು. ಕೈಯಲ್ಲಿ ಉಳಿದದ್ದು ಅಳತೆ ಹಾಕಲು ಇಟ್ಟುಕೊಂಡಿದ್ದ ಹಳೆಯ ಕ್ಯಾಲ್ಕುಲೇಟರ್ ಒಂದೇ.

ಆ ಬೇಸಿಗೆಯಲ್ಲಿ ಅವರು ಅದನ್ನು ಬಿಟ್ಟು ಅಲುಗುತ್ತಿರಲಿಲ್ಲ. ನಾನು ಹೋದರೆ ಮುಚ್ಚಿಡುತ್ತಿದ್ದರು. "ಏನ್ ದೊಡ್ಡಪ್ಪ, ಮೊಬೈಲ್ ಅಂದ್ಕೊಂಡ್ರಾ ಅದನ್ನ?" ಎಂದು ಕೇಳಿದೆ. "ನಿಮ್ಮ ದೊಡ್ಡಮ್ಮಂಗೆ ಹೇಳ್ಬೇಡ" ಎಂದು ತುಟಿಯ ಮೇಲೆ ಬೆರಳಿಟ್ಟರು.

ಅವರು ಮಾಡುತ್ತಿದ್ದದ್ದು ಇಷ್ಟು. ಮಗಳು ಹೇಳಿದ್ದು ಸಾವಿರದ ಒಂದು ದೊಡ್ಡ ಚೌಕ, ಮೂರರ ಒಂದು ಚಿಕ್ಕ ಚೌಕ. ಅವೇ ಟೈಲ್ಸನ್ನು ಕಿತ್ತು ಬೇರೆ ಎರಡು ಚೌಕಗಳಾಗಿ ಹಾಕಲು ಬರುತ್ತದೆಯೇ? ಚಿಕ್ಕ ಚೌಕವನ್ನು ಒಂದೊಂದೇ ಟೈಲ್ಸಿನಷ್ಟು ದೊಡ್ಡದು ಮಾಡುತ್ತ ಹೋಗುವುದು. ಅದರ ಟೈಲ್ಸನ್ನು ಹತ್ತು ಲಕ್ಷದ ಒಂಬತ್ತರಿಂದ ಕಳೆಯುವುದು. ಉಳಿದದ್ದಕ್ಕೆ ವರ್ಗಮೂಲದ ಗುಂಡಿ ಒತ್ತುವುದು. ಚುಕ್ಕಿಯಾಚೆ ಅಂಕೆಗಳು ಬಂದರೆ ಉಳಿದದ್ದು ಚೌಕವಲ್ಲ, ಮತ್ತೆ ಮುಂದಕ್ಕೆ. ಸಾಲು ಹಿಡಿದು ಟೈಲ್ಸ್ ಕೂರಿಸಿದ ಮನುಷ್ಯ, ಈ ಕೆಲಸವನ್ನೂ ಹಾಗೆಯೇ ಮಾಡಿದರು. ಇನ್ನೂರ ಮೂವತ್ತೈದಕ್ಕೆ ಬಂದಾಗ ಚುಕ್ಕಿಯಾಚೆ ಏನೂ ಬರಲಿಲ್ಲ. ಪರದೆಯ ಮೇಲೆ ಒಂಬೈನೂರ ಎಪ್ಪತ್ತೆರಡು ಎಂದು ಬಂದು ನಿಂತಿತ್ತು.

ಅದು ಭಾನುವಾರ. ದೊಡ್ಡಮ್ಮ ಅಂಗಡಿಗೆ ಹೋಗಿದ್ದರು, ನಾನು ಮನೆಯಲ್ಲಿದ್ದೆ. ದೊಡ್ಡಪ್ಪ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದು, ಹೆಂಡತಿ ಬೀದಿ ತಿರುವಿನಲ್ಲಿ ಕಾಣುವವರೆಗೆ ನಿಂತೇ ಇದ್ದರು. ಚೀಲ ಕೆಳಗಿಡುವ ಮೊದಲೇ ಶುರು ಮಾಡಿದರು.

"ಟೀಚರಮ್ಮಾ, ನೋಡು. ನಮ್ಮ ಪಿಟೀಲಿನ ಟೈಲ್ಸಿಗೆ ಇನ್ನೊಂದು ಮನೆ ಸಿಕ್ತು. ಒಂಬೈನೂರ ಎಪ್ಪತ್ತೆರಡರ ಒಂದು ಚೌಕ. ಇನ್ನೂರ ಮೂವತ್ತೈದರ ಇನ್ನೊಂದು. ಒಂದು ಟೈಲ್ಸ್ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ!"

ಮಗಳು ಹೋದಮೇಲೆ ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿರಲಿಲ್ಲ. ದೊಡ್ಡಮ್ಮ ನಗುತ್ತಲೇ ಕ್ಯಾಲ್ಕುಲೇಟರ್ ತೆಗೆದುಕೊಂಡರು. ಒಂದನ್ನು ಗುಣಿಸಿದರು, ಇನ್ನೊಂದನ್ನು ಗುಣಿಸಿದರು, ಕೂಡಿಸಿದರು. ನಗು ತುಟಿಯ ಮೇಲೆ ಹಾಗೇ ಇತ್ತು, ಕಣ್ಣು ಬೇರೆಲ್ಲೋ ಹೋಯಿತು.

"ಸರಿಯಾಗಿದೆ" ಎಂದರು. "ತುಂಬಾ ಚೆನ್ನಾಗಿದೆ ರೀ." ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಸ್ವಲ್ಪ ಹೊತ್ತಿಗೆ ಹಾಲು ಉಕ್ಕಿದ ವಾಸನೆ ಬಂತು. ನಾನು ಓಡಿ ಹೋಗಿ ಒಲೆ ಆರಿಸಿದೆ. ದೊಡ್ಡಮ್ಮ ಒಲೆಯ ಎದುರೇ ನಿಂತಿದ್ದರು, ಹಾಲು ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿದ್ದರೂ ನೋಡುತ್ತಿರಲಿಲ್ಲ.

"ದೊಡ್ಡಮ್ಮಾ, ಏನಾಯ್ತು?"

"ಅದು ಒಡೆಯುತ್ತೆ ಕಣೇ" ಎಂದರು.

ನನಗೆ ಅರ್ಥವಾಗಲಿಲ್ಲ. ಮುಂದಿನ ಭಾನುವಾರ ದೊಡ್ಡಪ್ಪ ಕ್ಷೌರಕ್ಕೆ ಹೋಗಿದ್ದಾಗ ಬಿಡಿಸಿ ಹೇಳಿದರು. ಹಠಮಾರಿ ಸಂಖ್ಯೆಗಳಲ್ಲಿ ಕೆಲವು ಎರಡು ಚೌಕಗಳಾಗುತ್ತವೆ, ಕೆಲವು ಆಗುವುದೇ ಇಲ್ಲ. ಆದರೆ ಆಗುವುದಾದರೆ ಒಂದೇ ಒಂದು ರೀತಿಯಲ್ಲಿ ಆಗುತ್ತವೆ. ಎರಡನೆಯ ರೀತಿ ಸಿಕ್ಕಿತೆಂದರೆ ಆ ಸಂಖ್ಯೆ ಹಠಮಾರಿಯಲ್ಲ, ಅದರ ಅನುಮಾನವೇ ಬೇಡ. ಕಾಲೇಜಿನಲ್ಲಿ ಓದಿದ್ದ ಪಾಠ. ಗಂಡ ಎರಡನೆಯ ಜೋಡಿಯನ್ನು ಹೇಳಿದ ಕ್ಷಣವೇ ಅವರಿಗೆ ಗೊತ್ತಾಗಿಹೋಗಿತ್ತು. ಆ ಎರಡು ಜೋಡಿಗಳಿಂದ ಅದು ಎಲ್ಲಿ ಒಡೆಯುತ್ತದೆಂದು ಹುಡುಕಲೂ ದಾರಿಯಿತ್ತು. ಪಾತ್ರೆ ತೊಳೆಯುತ್ತ ಮನಸ್ಸಿನಲ್ಲೇ ಮಾಡಿ ಮುಗಿಸಿದ್ದರು.

"ಇನ್ನೂರ ತೊಂಬತ್ತಮೂರು" ಎಂದರು. "ಇನ್ನೂರ ತೊಂಬತ್ತಮೂರರಿಂದ ಭಾಗಿಸಿದ್ರೆ ಮೂರು ಸಾವಿರದ ನಾನೂರ ಹದಿಮೂರು ಸಲ ಹೋಗುತ್ತೆ. ಶೇಷ ಸೊನ್ನೆ."

"ಹೋಗ್ಲಿ ಬಿಡಿ ದೊಡ್ಡಮ್ಮ. ಅವಳು ಚಿಕ್ಕವಳು, ಎಲ್ಲೋ ತಪ್ಪಿರ್ತಾಳೆ."

"ಮೂರರಲ್ಲಿ ಕೊನೆಯಾಗೋದು ನನ್ನ ಪಾಲು."

ಆಮೇಲೆ ಅವರು ಹೇಳಿದ್ದನ್ನು ನಾನು ಮರೆಯಲಾರೆ. ಆ ದಿನಗಳಲ್ಲಿ ಒಂದು ಸಂಜೆ ಅವರು ತಲೆನೋವಿನಿಂದ ಬಂದಿದ್ದರು. ತಿದ್ದಲು ಉತ್ತರಪತ್ರಿಕೆಗಳ ಕಟ್ಟು ಬೇರೆ ಇತ್ತು. ಪಿಟೀಲು ತನ್ನ ಪಾಲನ್ನು ಮುಗಿಸಿ, ಹೊತ್ತು ಹೋಗದೆ ಅಮ್ಮನ ಪಾಲಿನಲ್ಲೂ ಕೆಲವನ್ನು ಮಾಡಿ ನೋಡಿದ್ದಳು. ಸ್ಲೇಟನ್ನು ಎತ್ತಿ ಹಿಡಿದು, "ಅಮ್ಮಾ, ಇನ್ನೂರ ತೊಂಬತ್ತಮೂರು ಹೋಗತ್ತೆ. ಬಾ ನೋಡು" ಎಂದಿದ್ದಳು.

"ನಾನು ನೋಡ್ಲಿಲ್ಲ. ಅದನ್ನ ಹಿಂದಿನ ದಿನವೇ ಮಾಡಿ ಮುಗಿಸಿದ್ದೆ, ಶೇಷ ಉಳಿದಿತ್ತು. ಕಳೆಯುವಾಗ ಪಕ್ಕದಿಂದ ಒಂದು ಕಡ ತಂದಿದ್ದನ್ನ ಮರೆತಿರ್ಬೇಕು, ಏನೋ. ನಾನು ಅವಳಿಗೆ ಏನಂದೆ ಗೊತ್ತಾ? 'ನಂಗೇ ಕಲಿಸೋಕೆ ಬರ್ಬೇಡ. ನಿನ್ನ ಪಾಲು ನೀನು ನೋಡ್ಕೋ' ಅಂದೆ. ಅವಳು ಸ್ಲೇಟ್ ಒರೆಸಿಬಿಟ್ಲು. ಮತ್ತೆ ಮೂರು ದಿನಕ್ಕೋ ನಾಲ್ಕು ದಿನಕ್ಕೋ ಅವಳೇ ಮುಗೀತು ಅಂತ ಕೂಗಿದ್ಲಲ್ಲ, ನೀನೂ ಇದ್ದೆ. ಹಠಮಾರಿ ಅಂದ್ಲಲ್ಲ. ಅದು ಸುಳ್ಳು ಅಂತ ಅವಳಿಗೆ ಗೊತ್ತಿತ್ತು ಕಣೇ. ನನಗೋಸ್ಕರ ಕೂಗಿದ್ಲು."

ಮಗು ತನ್ನ ಭಾಗಾಕಾರವೇ ತಪ್ಪು ಎಂದುಕೊಂಡಿರಬಹುದು, ಅಮ್ಮ ಹೇಳಿದ ಮೇಲೆ ಮುಗಿಯಿತು ಎಂದು ನಂಬಿರಬಹುದು ಎಂದೆಲ್ಲ ಹೇಳಿದೆ. ಅದೂ ಇರಬಹುದು ಎಂದು ಅವರು ತಲೆಯಾಡಿಸಿದರು, ನಂಬಲಿಲ್ಲ.

ಗಂಡನಿಗೆ ಹೇಳಬಾರದೆಂದು ಅವರು ತೀರ್ಮಾನಿಸಿದ್ದರು. ದೊಡ್ಡಪ್ಪನೋ, ಕ್ಷೌರದಂಗಡಿಯವನಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರಿಗೂ ಎರಡು ಚೌಕಗಳ ಕಥೆ ಹೇಳುತ್ತಿದ್ದರು. ಪ್ರತಿಸಲವೂ ಹೆಂಡತಿಯತ್ತ ತಿರುಗಿ, "ಅಲ್ವೇನೇ?" ಎನ್ನುವರು. "ಹೂಂ" ಎನ್ನುತ್ತ ದೊಡ್ಡಮ್ಮ ಸೊರಗಿದರು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯತೊಡಗಿತು. ಕೊನೆಗೆ ದೊಡ್ಡಪ್ಪನೇ ಹಿಡಿದು ಕೂರಿಸಿ ಕೇಳಿದರು. ಆಸ್ಪತ್ರೆಯಲ್ಲಿ ಏನಾದರೂ ಹೇಳಿದ್ದಾರಾ, ಕಾಯಿಲೆ ಮುಚ್ಚಿಡುತ್ತಿದ್ದೀಯಾ ಎಂದು ಹೆದರಿ ಕೇಳಿದರು. ಆಗ ದೊಡ್ಡಮ್ಮ ಎಲ್ಲವನ್ನೂ ಹೇಳಿಬಿಟ್ಟರು.

ಮೊದಲು ದೊಡ್ಡಪ್ಪ ನಕ್ಕರಂತೆ. ಇನ್ನೂರ ತೊಂಬತ್ತಮೂರು ಅಗಲ, ಮೂರು ಸಾವಿರದ ಚಿಲ್ಲರೆ ಉದ್ದ. "ಅದು ಹಾಲ್ ಅಲ್ಲ ಕಣೇ, ಓಣಿ" ಎಂದರಂತೆ. ನಗು ಅರ್ಧಕ್ಕೆ ನಿಂತಿತು.

"ಮಗು ಹೇಳಿತ್ತಾ?"

"ಹೇಳಿತ್ತು."

"ಸ್ಲೇಟ್ ಎತ್ತಿ ತೋರಿಸ್ತಾ?"

"ತೋರಿಸ್ತು."

"ನೀನು ನೋಡ್ಲಿಲ್ಲ."

"ನೋಡ್ಲಿಲ್ಲ ರೀ."

ದೊಡ್ಡಪ್ಪ ಎದ್ದು, ಕೋಲು ಹಿಡಿದು, ಎರಡು ಬೀದಿ ಕುಂಟುತ್ತ ನಮ್ಮ ಮನೆಗೆ ಬಂದರು. ಷಡ್ಡಕನ ಮನೆ ತಾನೇ, ಎಂದಾದರೂ ಬರಬಹುದು. ನನ್ನಪ್ಪ ಕುರ್ಚಿ ಎಳೆದು ಕೂರಿಸಿದರು. ದೊಡ್ಡಪ್ಪ ಅಂದು ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ. ಮುಂಗೋಣೆಯ ದಿವಾನದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ವಾರ ಕಳೆದ ಮೇಲೆ ನನ್ನಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು.

"ಭಾವ, ಅಕ್ಕ ತಪ್ಪಿದ್ದು ಒಂದು ಲೆಕ್ಕ. ನೀವು ಅದನ್ನ ಕೊಲೆ ಮಾಡಿದ ಹಾಗೆ ಮಾಡ್ತಿದೀರಲ್ಲ?"

ದೊಡ್ಡಪ್ಪ ಗೋಡೆಯ ಕಡೆಯಿಂದಲೇ ಮಾತಾಡಿದರು. "ಲೆಕ್ಕ ತಪ್ಪಿದ್ದಕ್ಕಲ್ಲಮ್ಮ. ಡಾಕ್ಟ್ರು ಕೇಳಿದ್ರು, ಯಾಕೆ ಮೊದಲೇ ಹೇಳ್ಲಿಲ್ಲ ಅಂತ. ತಿಂಗಳುಗಟ್ಟಲೆ ಉಸಿರು ಕಟ್ತಿತ್ತು, ಮಗು ಬಾಯಿ ಬಿಡ್ಲಿಲ್ಲ. ಹೇಳಿದ್ರೆ ಗದರ್ತಾರೆ, ಹೇಳಿದ್ರೆ ಯಾರೂ ನೋಡಲ್ಲ ಅಂತ ಅದಕ್ಕೆ ಕಲಿಸಿದ್ದು ಯಾರು?"

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಬಾಗಿಲ ಬಳಿ ನಿಂತಿದ್ದೆ. ಮಕ್ಕಳು ನೋವನ್ನು ಯಾಕೆ ಮುಚ್ಚಿಡುತ್ತಾರೆ ಎಂದು ಯಾರಿಗೆ ಗೊತ್ತು? ಮತ್ತೆ ಮಂಚ ಹಿಡಿಯಬೇಕಾಗುತ್ತದೆಂಬ ಭಯಕ್ಕೆ ಇರಬಹುದು, ಓಡುವ ಆಸೆಗೆ ಇರಬಹುದು. ಒಂದು ಸಂಜೆಯ ಗದರಿಕೆಗೆ ಸಾವಿನ ಭಾರ ಹೊರಿಸುವುದು ಅನ್ಯಾಯ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ದೊಡ್ಡಮ್ಮನಿಗೆ ಗಂಡನ ಈ ಮಾತನ್ನು ಯಾರೂ ತಲುಪಿಸಬೇಕಾಗಿರಲಿಲ್ಲ. ಹಾಲು ಉಕ್ಕಿದ ದಿನವೇ ಅವರ ಮನಸ್ಸು ಅಲ್ಲಿಗೆ ಹೋಗಿ ನಿಂತಿತ್ತು. ಅವರು ಸೊರಗಿದ್ದು ಸಂಖ್ಯೆ ಒಡೆದದ್ದಕ್ಕಲ್ಲ.

ಒಂದು ಮಧ್ಯಾಹ್ನ ದೊಡ್ಡಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದರು. ಶಾಲೆಯಿಂದ ನೇರ ಬಂದಿದ್ದರು, ಬೆರಳಲ್ಲಿ ಇನ್ನೂ ಸೀಮೆಸುಣ್ಣದ ಪುಡಿಯಿತ್ತು. ಒಳಗೆ ಬರಲಿಲ್ಲ.

"ಮಂಡಿಗೆ ಹಚ್ಚೋ ಎಣ್ಣೆ ಬಿಟ್ಟು ಬಂದಿದ್ರಿ" ಎಂದು ಸೀಸೆಯನ್ನು ಮುಂದೆ ಚಾಚಿದರು.

ದೊಡ್ಡಪ್ಪ ಸೀಸೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಅದಕ್ಕೇ ಇಷ್ಟು ನೋವು" ಎಂದರು. ಕೋಲು ಹುಡುಕಿಕೊಂಡು ಎದ್ದರು. ಅವರಿಬ್ಬರೂ ಬೀದಿಯಲ್ಲಿ ನಡೆದುಹೋಗುವುದನ್ನು ನಾವು ಕಿಟಕಿಯಿಂದ ನೋಡಿದೆವು. ದೊಡ್ಡಮ್ಮ ಒಂದು ಹೆಜ್ಜೆ ಮುಂದೆ ಹೋಗುವರು, ನಿಲ್ಲುವರು. ದೊಡ್ಡಪ್ಪ ಬಂದು ಸೇರಿದ ಮೇಲೆ ಮತ್ತೆ ನಡೆಯುವರು. ಕ್ಷಮಿಸಿದೆ ಎಂದು ಯಾರೂ ಅನ್ನಲಿಲ್ಲ. ಆ ಸಂಖ್ಯೆಯ ಮಾತು ಆ ಮನೆಯಲ್ಲಿ ನಿಂತುಹೋಯಿತು. ಅದರ ಜೊತೆಗೆ ಮಗಳ ಮಾತನ್ನಾಡಲು ಅವರಿಗಿದ್ದ ಒಂದೇ ದಾರಿಯೂ ಮುಚ್ಚಿತು.

ದೊಡ್ಡಮ್ಮ ನಿವೃತ್ತಿಯವರೆಗೂ ಪಾಠ ಮಾಡಿದರು. ಕೊನೆಕೊನೆಗೆ ಅವರ ತರಗತಿ ಆಮೆಯ ಹಾಗೆ ಸಾಗುತ್ತದೆ, ಪಾಠಗಳು ಮುಗಿಯುವುದಿಲ್ಲ ಎಂದು ಹೆಡ್‌ಮೇಡಂ ದೂರುತ್ತಿದ್ದರಂತೆ. ಯಾವ ಹುಡುಗಿ ಕೈಯೆತ್ತಿದರೂ ಅವರು ಸೀಮೆಸುಣ್ಣ ಕೆಳಗಿಟ್ಟು, ಅವಳ ಬೆಂಚಿಗೇ ಹೋಗಿ, ಬಾಗಿ, ಕೊನೆಯ ಸಾಲಿನವರೆಗೆ ಓದುತ್ತಿದ್ದರಂತೆ. ಹತ್ತರಲ್ಲಿ ಒಂಬತ್ತು ಸಲ ಹುಡುಗಿಯದೇ ತಪ್ಪು. ತಲೆಹರಟೆ ಹುಡುಗಿಯರು ಗಂಟೆ ಕಳೆಯಲೆಂದೇ ಕೈಯೆತ್ತುತ್ತಿದ್ದರು. ಅದೂ ದೊಡ್ಡಮ್ಮನಿಗೆ ಗೊತ್ತಿತ್ತು. ಆದರೂ ಹೋಗಿ ನೋಡುತ್ತಿದ್ದರು.

ದೊಡ್ಡಪ್ಪನಿಗೆ ಕೆಮ್ಮು ಅಂಟಿಕೊಂಡಿತು. ಬದುಕಿಡೀ ಟೈಲ್ಸ್ ಕತ್ತರಿಸಿದ ಧೂಳು ಶ್ವಾಸಕೋಶದಲ್ಲಿ ಗಟ್ಟಿಯಾಗಿ ಕೂತಿದೆ, ತೆಗೆಯಲು ಬರುವುದಿಲ್ಲ ಎಂದರು ಡಾಕ್ಟರು. ಕೊನೆಯ ತಿಂಗಳುಗಳಲ್ಲಿ ಮಲಗಲು ಆಗುತ್ತಿರಲಿಲ್ಲ. ದಿಂಬುಗಳನ್ನು ಒಟ್ಟಿ ಕೂರಿಸುತ್ತಿದ್ದೆವು. ನಾನು ಅಂಗಡಿಯಿಂದ ಔಷಧಿ ತಂದುಕೊಟ್ಟು, ಬೆಳಿಗ್ಗೆ ಹೋಗುವಾಗೊಮ್ಮೆ ನೋಡಿಕೊಂಡು ಹೋಗುತ್ತಿದ್ದೆ. ಅಂಥ ಒಂದು ಬೆಳಿಗ್ಗೆ ಅವರು ಹೆಂಡತಿಯ ಕೈ ಹಿಡಿದೆಳೆದು ಹತ್ತಿರ ಕೂರಿಸಿಕೊಂಡರು.

"ಟೀಚರಮ್ಮಾ, ನಾನು ಅವತ್ತು ನಿನ್ನ ತಂಗಿ ಮನೇಲಿ ಒಂದು ಮಾತು ಅಂದೆ. ನಿನ್ನ ಕಿವಿಗೆ ಬಿದ್ದಿರುತ್ತೆ."

"ಇರ್ಲಿ ಬಿಡಿ. ಉಸಿರು ಖರ್ಚು ಮಾಡ್ಬೇಡಿ."

"ಅದು ತಪ್ಪು ಮಾತು."

"ಆಯ್ತು, ಸುಮ್ನಿರಿ."

"ಸುಮ್ನಿರಲ್ಲ. ತಪ್ಪು ಅಂತ ಹೇಳ್ತಿದೀನಿ. ಮಗು ಹೇಳ್ದೇ ಇದ್ದದ್ದು ತನ್ನ ಇಷ್ಟಕ್ಕೆ. ಅದು ನಿನ್ನಿಂದಲ್ಲ."

ದೊಡ್ಡಮ್ಮ ಅವರ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಗಾರೆಯಿಂದ ಸೀಳಿ ಸೀಳಿ ಗಟ್ಟಿಯಾದ ಕೈ. "ಕೇಳಿಸ್ಕೊಂಡೆ" ಎಂದರು. ನಾನು ಔಷಧಿಯ ಸೀಸೆಗಳನ್ನು ಸುಮ್ಮನೆ ಸರಿಸಿಡುತ್ತ ನಿಂತೆ. ಅವರು ಆ ಮಾತನ್ನು ಕೇಳಿಸಿಕೊಂಡರು ನಿಜ, ಒಪ್ಪಿಕೊಂಡರೋ ಇಲ್ಲವೋ ನಾನು ಎಂದೂ ಕೇಳಲಿಲ್ಲ. ಆ ವಾರ ಕಳೆಯುವುದರೊಳಗೆ ದೊಡ್ಡಪ್ಪ ತೀರಿಕೊಂಡರು.

ಬಾಡಿಗೆ ಮನೆಯನ್ನು ಬಿಟ್ಟುಕೊಟ್ಟು ದೊಡ್ಡಮ್ಮನನ್ನು ನಾನೇ ಕರೆದುಕೊಂಡು ಬಂದೆ. ಈಗ ನನ್ನ ಜೊತೆಗೇ ಇದ್ದಾರೆ. ಕಿವಿ ಮಂದವಾಗಿದೆ, ನಡಿಗೆ ನಿಧಾನ, ನೆನಪು ಚೊಕ್ಕವಾಗಿದೆ. ಮಗಳ ಹೆಸರನ್ನು ಈಗ ತಾವಾಗಿಯೇ ಎತ್ತುತ್ತಾರೆ, ಯಾವಾಗಲೋ ಒಮ್ಮೆ, ಪೀಠಿಕೆಯಿಲ್ಲದೆ. ಮೊನ್ನೆ ನಾನು ಹೊಸ ಕನ್ನಡಕ ಹಾಕಿಕೊಂಡು ಬಂದೆ. ಹತ್ತಿರ ಕರೆದು, ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರು.

"ಪಿಟೀಲು ಇದ್ದಿದ್ರೆ ಅವಳಿಗೂ ಇಷ್ಟು ಹೊತ್ತಿಗೆ ಬಂದಿರ್ತಿತ್ತು ಅಲ್ವಾ, ಕನ್ನಡಕ?"

"ಬಂದಿರ್ತಿತ್ತು ದೊಡ್ಡಮ್ಮ. ನಮ್ಮ ಮನೆಯವರಿಗೆಲ್ಲ ಕಣ್ಣು ಅಷ್ಟಕ್ಕಷ್ಟೇ."

ಗಲ್ಲ ಬಿಟ್ಟು, ನನ್ನ ಕನ್ನಡಕ ತೆಗೆದು ಕೈಯಲ್ಲಿ ತಿರುಗಿಸಿ ನೋಡಿದರು.

"ಕಪ್ಪು ಫ್ರೇಮಿನದು" ಎಂದರು. "ಅವಳ ಮುಖಕ್ಕೆ ಅದು ಒಪ್ತಿತ್ತು."